ಮಸ್ಕತ್ತಿಗೆ ಹೋದರೆ ತೋಟ ನೋಡಿ ಬನ್ನಿ

ನಿಮ್ಮ ಮನೆಯ ಮಗನೋ ಅಳಿಯನೋ ಒಮಾನ್ ದೇಶದಲ್ಲಿ ಕೆಲಸದಲ್ಲಿರಬಹುದು. ಉಡುಪಿ, ದಕ್ಷಿಣ ಕನ್ನಡ, ಭಟ್ಕಳದ ಕಡೆಯಂತೂ ಅಂಥ ಮನೆಗಳು ಬೀದಿಗೆ ನಾಲ್ಕಾರು ಉಂಟು. "ಅಪ್ಪ, ಅಮ್ಮ, ಒಂದು ತಿಂಗಳು ಬಂದು ಇದ್ದು ಹೋಗಿ" ಎಂದು ಟಿಕೆಟು ಕಳುಹಿಸಿದರೆ ಬೇಡವೆನ್ನಬೇಡಿರಿ. ಆದರೆ ಹೋದವರಲ್ಲಿ ಹೆಚ್ಚಿನವರು ನೋಡಿ ಬರುವುದು ದೊಡ್ಡ ಅಂಗಡಿಗಳನ್ನು, ದೊಡ್ಡ ಮಸೀದಿಯನ್ನು ಮತ್ತು ಚಿನ್ನದ ಬಜಾರನ್ನು ಮಾತ್ರ. ಬೇಸಾಯಗಾರನಾದವನು ಅಲ್ಲಿ ನೋಡಬೇಕಾದುದು ಬೇರೆಯೇ ಇದೆ. ಅದಕ್ಕೆ ಒಂದು ಕಾರು, ಸ್ವಲ್ಪ ಹೊತ್ತಿಗೆ ಮುಂಚೆ ಏಳುವ ಅಭ್ಯಾಸ, ಮತ್ತು ಮಗನ ವಾರದ ರಜೆ ಇಷ್ಟಿದ್ದರೆ ಸಾಕು.

ಒಮಾನ್ ನಮ್ಮ ಕರಾವಳಿಯ ಎದುರು ದಡದ ನಾಡು. ವಿಸ್ತಾರದಲ್ಲಿ ಕರ್ನಾಟಕದ ಒಂದೂವರೆ ಪಟ್ಟಿಗಿಂತ ಹೆಚ್ಚು, ಜನಸಂಖ್ಯೆ ಮಾತ್ರ ಸುಮಾರು ಐವತ್ತು ಲಕ್ಷ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಮರಳುಗಾಡು, ನಡುವೆ ಹುಲ್ಲುಕಡ್ಡಿಯೂ ಇಲ್ಲದ ಕಲ್ಲು ಬೆಟ್ಟಗಳ ಸಾಲು. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಮಸ್ಕತ್ತಿನಲ್ಲಿ ಬೀಳುವ ಮಳೆ ವರ್ಷಕ್ಕೆ ಸರಾಸರಿ 100 ಮಿ.ಮೀ. ಆಸುಪಾಸು. ಆಗುಂಬೆಯಲ್ಲಿ ಆಷಾಢದ ಒಂದೇ ದಿನ ಅದಕ್ಕಿಂತ ಹೆಚ್ಚು ಸುರಿಯುತ್ತದೆ. ಇಂಥ ನೆಲದಲ್ಲಿ ಎಂಬತ್ತು ಲಕ್ಷದಷ್ಟು ಖರ್ಜೂರದ ಮರಗಳಿವೆ ಎಂದರೆ ಅದಕ್ಕೆ ನೀರು ಎಲ್ಲಿಂದ ಬಂತು ಎಂಬ ಪ್ರಶ್ನೆ ಯಾವ ರೈತನಿಗೂ ಏಳಲೇಬೇಕು.

1970ರಲ್ಲಿ ಸುಲ್ತಾನ್ ಕಾಬೂಸ್ ಪಟ್ಟಕ್ಕೆ ಬಂದಾಗ ಇಡೀ ದೇಶದಲ್ಲಿ ಡಾಂಬರು ಕಂಡ ರಸ್ತೆ ಹತ್ತು ಕಿಲೋಮೀಟರು ಇತ್ತೆಂದು ಹೇಳುತ್ತಾರೆ. ಹಳೆಯ ಮಸ್ಕತ್ ಊರಿನ ಬಾಗಿಲನ್ನು ಆಗ ರಾತ್ರಿ ಹೊತ್ತು ಮುಚ್ಚುತ್ತಿದ್ದರು. ಇಂದು ಮೂಲೆ ಮೂಲೆಗೂ ಒಳ್ಳೆಯ ರಸ್ತೆ. ಆದ್ದರಿಂದ ಮಸ್ಕತ್ತನ್ನು ಠಾಣ್ಯ ಮಾಡಿಕೊಂಡು ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆ ಸೇರುವಂತೆ ಬೇರೆ ಬೇರೆ ದಿಕ್ಕಿಗೆ ಹೋಗಿ ಬರಬಹುದು. ಅಲ್ಲಿ ವಾಹನಗಳು ರಸ್ತೆಯ ಬಲಗಡೆ ಓಡುತ್ತವೆ. ನೀವು ಓಡಿಸುವವರಲ್ಲದಿದ್ದರೂ ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಿರಿ.

ನಿಜ್ವಾ: ನೀರಿನ ಲೆಕ್ಕದ ಊರು

ಮೊದಲ ದಿನವನ್ನು ನಿಜ್ವಾಕ್ಕೆ ಕೊಡಿರಿ. ಮಸ್ಕತ್ತಿನಿಂದ ಸುಮಾರು 160 ಕಿ.ಮೀ. ಶುಕ್ರವಾರವಾದರೆ ಇನ್ನೂ ಒಳ್ಳೆಯದು, ಏಕೆಂದರೆ ಅಂದು ಬೆಳಿಗ್ಗೆ ಅಲ್ಲಿ ದನಕರು, ಆಡುಗಳ ಸಂತೆ. ನಮ್ಮ ಸಂತೆಯಲ್ಲಿ ಗೂಟಕ್ಕೆ ಕಟ್ಟಿದ ರಾಸಿನ ಬಳಿಗೆ ಕೊಳ್ಳುವವನು ಹೋಗುತ್ತಾನೆ. ಅಲ್ಲಿ ಕೊಳ್ಳುವವರು ವೃತ್ತಾಕಾರದಲ್ಲಿ ನಿಂತಿರುತ್ತಾರೆ, ಮಾರುವವನು ಆಡನ್ನು ಹಿಡಿದು ಅವರ ಎದುರಿಗೆ ಸುತ್ತು ಹಾಕುತ್ತಾ ಬೆಲೆ ಕೂಗುತ್ತಾನೆ. ಹಲ್ಲು ನೋಡುವುದು, ಕೆಚ್ಚಲು ಮುಟ್ಟಿ ನೋಡುವುದು ಮಾತ್ರ ನಮ್ಮಲ್ಲಿಯಂತೆಯೇ. ವ್ಯಾಪಾರ ಬಿಸಿಲೇರುವ ಮುಂಚೆ ಮುಗಿಯುವುದರಿಂದ ಮನೆಯನ್ನು ಐದಕ್ಕೇ ಬಿಡಬೇಕು.

ಸಂತೆಯ ಪಕ್ಕದಲ್ಲೇ ಹದಿನೇಳನೆಯ ಶತಮಾನದ ಕೋಟೆ. ಅದರ ದುಂಡು ಬುರುಜು ಹೆಸರಾದದ್ದು. ರೈತನಿಗೆ ಅಲ್ಲಿ ಸ್ವಾರಸ್ಯವೆನಿಸುವುದು ಖರ್ಜೂರದ ಉಗ್ರಾಣ. ನೆಲದಲ್ಲಿ ಕಿರುಗಾಲುವೆಗಳನ್ನು ಮಾಡಿ ಮೇಲೆ ಖರ್ಜೂರದ ಮೂಟೆಗಳನ್ನು ಒಟ್ಟುತ್ತಿದ್ದರು. ಮೂಟೆಯ ಭಾರಕ್ಕೇ ಹಣ್ಣಿನ ಪಾಕ ಒಸರಿ ಕಾಲುವೆಯಲ್ಲಿ ಇಳಿದು ಗಡಿಗೆ ತುಂಬುತ್ತಿತ್ತು. ತಿನ್ನಲು ಅದೇ, ಶತ್ರು ಬಾಗಿಲಿಗೆ ಬಂದರೆ ಕುದಿಸಿ ತಲೆಯ ಮೇಲೆ ಸುರಿಯಲೂ ಅದೇ!

ಆದರೆ ನಿಜ್ವಾಕ್ಕೆ ಹೋಗಬೇಕಾದುದು ಮುಖ್ಯವಾಗಿ ಫಲಜ್ ನೋಡಲು. ಫಲಜ್ ಎಂದರೆ ನೀರಿನ ಕಾಲುವೆ. ಈ ದೇಶದಲ್ಲಿ ಇಂದಿಗೂ ನೀರು ಹರಿಯುತ್ತಿರುವ ಫಲಜ್‌ಗಳು ಮೂರು ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಐದನ್ನು 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಿಜ್ವಾದ ಹತ್ತಿರದ ಫಲಜ್ ದಾರಿಸ್, ದಾರಿಯಲ್ಲೇ ಸಿಗುವ ಬಿರ್ಕತ್ ಅಲ್ ಮೌಜ್ ಎಂಬ ಊರಿನ ಫಲಜ್ ಖತ್ಮೀನ್ ಎರಡೂ ಆ ಐದರಲ್ಲಿ ಸೇರಿವೆ. ಬಿರ್ಕತ್ ಅಲ್ ಮೌಜ್ ಎಂದರೆ ಬಾಳೆಯ ಕೊಳ ಎಂದರ್ಥ, ಬಾಳೆಯನ್ನು ಅಲ್ಲಿ ಈಗಲೂ ಕಾಣಬಹುದು.

ಕೆಲವು ಫಲಜ್‌ಗಳು ಬುಗ್ಗೆಯಿಂದ, ಕೆಲವು ಹಳ್ಳದ ಮೇಲ್ಭಾಗದಿಂದ ನೀರು ತರುತ್ತವೆ. ದೊಡ್ಡ ಸಾಹಸವೆಂದರೆ ಮೂರನೆಯ ಬಗೆಯದು. ಬೆಟ್ಟದ ಬುಡದಲ್ಲಿ, ಊರಿಗಿಂತ ಎತ್ತರದ ಜಾಗದಲ್ಲಿ ನೀರು ಸಿಗುವವರೆಗೆ ಒಂದು ತಾಯಿ ಬಾವಿ ತೋಡುತ್ತಾರೆ. ಆ ನೀರಿನ ಮಟ್ಟದಿಂದ ಊರಿನ ಕಡೆಗೆ ನೆಲದೊಳಗೇ ಸುರಂಗ ಕೊರೆಯುತ್ತಾರೆ. ಸುರಂಗಕ್ಕೆ ಬಲು ಸಣ್ಣ ಇಳಿಜಾರು. ಇಳಿಜಾರು ಹೆಚ್ಚಾದರೆ ಹರಿವ ನೀರು ಮಣ್ಣನ್ನು ಕೊರೆಯುತ್ತದೆ, ಕಡಿಮೆಯಾದರೆ ಹೂಳು ಕೂರುತ್ತದೆ. ಅಲ್ಲಲ್ಲಿ ಮೇಲಿನಿಂದ ಕಂಡಿ ತೆಗೆದು ಗಾಳಿಗೂ ಹೂಳೆತ್ತುವುದಕ್ಕೂ ಅನುವು ಮಾಡಿರುತ್ತಾರೆ. ಎಷ್ಟೋ ಕಿಲೋಮೀಟರು ಹೀಗೆ ಸಾಗಿ, ನೆಲದ ಮಟ್ಟ ತಾನಾಗಿ ಇಳಿದು ಸುರಂಗಕ್ಕೆ ಸಮವಾದ ಕಡೆ ನೀರು ಬೆಳಕಿಗೆ ಬರುತ್ತದೆ. ಪಂಪು ಬೇಡ, ಎತ್ತು ಬೇಡ, ಹಗಲು ರಾತ್ರಿ ಹರಿಯುತ್ತಲೇ ಇರುತ್ತದೆ. ನಡುವೆ ಹಳ್ಳ ಅಡ್ಡ ಬಂದರೆ ನೀರನ್ನು ಬಾವಿಯಂಥ ಕೊಳವೆಯಲ್ಲಿ ಇಳಿಸಿ, ಹಳ್ಳದ ಪಾತ್ರದ ಕೆಳಗೆ ಹಾಯಿಸಿ, ಆಚೆಯ ದಡದಲ್ಲಿ ಮತ್ತೆ ಮೇಲೆ ಬರುವಂತೆ ಮಾಡಿದ್ದಾರೆ. ಬಂಟ್ವಾಳ, ಕಾಸರಗೋಡಿನ ಕಡೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಿಂದ ಅಡಿಕೆ ತೋಟಕ್ಕೆ ನೀರು ತರುವುದನ್ನು ಕಂಡವರಿಗೆ ಇದು ಪರಿಚಿತ ಮುಖವೆನಿಸೀತು. ನಮ್ಮ ಸುರಂಗ ಒಂದು ಮನೆಯದು, ಅವರದು ಇಡೀ ಊರಿನದು, ಅಷ್ಟೇ ವ್ಯತ್ಯಾಸ.

ನೀರು ಹೊರಬಂದ ಮೇಲೆ ಅದರ ಸರದಿ ನೋಡಿರಿ. ಮೊದಲು ಕುಡಿಯುವ ನೀರು ತುಂಬಿಕೊಳ್ಳುವ ಜಾಗ. ಅಲ್ಲಿ ಯಾರೂ ಕೈಕಾಲು ತೊಳೆಯುವಂತಿಲ್ಲ. ಆಮೇಲೆ ಮಸೀದಿ, ಸ್ನಾನದ ಕೋಣೆಗಳು. ನಂತರವೇ ತೋಟ. ತೋಟದ ನೀರನ್ನು ಹೊತ್ತಿನ ಲೆಕ್ಕದಲ್ಲಿ ಹಂಚುತ್ತಾರೆ. ಒಂದು 'ಅಥರ್' ಎಂದರೆ ಸುಮಾರು ಅರ್ಧ ಗಂಟೆಯ ನೀರು. ಹಿಂದೆ ಹಗಲಿನಲ್ಲಿ ನೆಲಕ್ಕೆ ನೆಟ್ಟ ಕೋಲಿನ ನೆರಳು ಯಾವ ಗುರುತು ಮುಟ್ಟಿತೆಂದೂ, ರಾತ್ರಿಯಲ್ಲಿ ಯಾವ ನಕ್ಷತ್ರ ಹುಟ್ಟಿತೆಂದೂ ನೋಡಿ ಸರದಿ ಬದಲಾಯಿಸುತ್ತಿದ್ದರು. ಈಗ ಬಹುಮಟ್ಟಿಗೆ ಕೈಗಡಿಯಾರ. ಸರದಿ ನೋಡಿಕೊಳ್ಳಲು 'ಆರಿಫ್' ಎಂಬಾತನುಂಟು. ನಮ್ಮ ಕೆರೆ ಬಯಲಿನ ನೀರುಗಂಟಿಯೇ ಆತ. ಅವನ ಮೇಲೆ ಲೆಕ್ಕಪತ್ರ, ದುರಸ್ತಿ, ಜಗಳ ನೋಡಿಕೊಳ್ಳುವ 'ವಕೀಲ್'. ನಮ್ಮಲ್ಲಿ ನೀರುಗಂಟಿ ಮರೆಯಾದ ಕಡೆಗಳಲ್ಲಿ ಕೆರೆಯ ತೂಬೂ ಏನಾಯಿತೆಂದು ನಿಮಗೆ ಗೊತ್ತೇ ಇದೆ.

ಒಂದು ಸಂಗತಿ ವಿಶೇಷವಾಗಿ ಗಮನಿಸಿರಿ. ಅಲ್ಲಿ ಭೂಮಿಯ ಒಡೆತನ ಬೇರೆ, ನೀರಿನ ಒಡೆತನ ಬೇರೆ. ನೀರಿನ ಪಾಲನ್ನು ಮಾರಬಹುದು, ಗೇಣಿಗೆ ಕೊಡಬಹುದು, ಮಕ್ಕಳಿಗೆ ಹಂಚಬಹುದು. ಕೆಲವು ಪಾಲು ಫಲಜ್‌ನ ಹೆಸರಿನಲ್ಲೇ ಇರುತ್ತದೆ. ಅದನ್ನು ಹರಾಜು ಹಾಕಿ ಬಂದ ಹಣದಲ್ಲಿ ಹೂಳೆತ್ತಿಸುತ್ತಾರೆ. ನಮ್ಮಲ್ಲಾದರೋ ಜಮೀನು ಯಾರದೋ ಅದರಡಿಯ ನೀರೂ ಅವರದೇ. ಪಕ್ಕದವನ ಬಾವಿ ಬತ್ತಿದರೂ ನನ್ನ ಕೊಳವೆ ಬಾವಿಯನ್ನು ಇನ್ನೂರು ಅಡಿ ಇಳಿಸುವುದಕ್ಕೆ ತಡೆ ಕಡಿಮೆ. ಫಲಜ್‌ನ ತಾಯಿ ಬಾವಿಯ ಸುತ್ತ ಮಾತ್ರ ಇಂತಿಷ್ಟು ದೂರದೊಳಗೆ ಇನ್ನೊಬ್ಬ ಬಾವಿ ತೋಡಬಾರದೆಂಬ ಕಟ್ಟುಪಾಡು ಹಳೆಯ ಕಾಲದಿಂದ ಇದೆ. ಅದಕ್ಕೆ 'ಹರೀಮ್' ಎನ್ನುತ್ತಾರೆ.

ಬರ ಬಂದರೆ? ಅದಕ್ಕೂ ಮೊದಲೇ ಸಿದ್ಧತೆ. ಕಾಲುವೆಯ ತಲೆಯ ಬಳಿ ಖರ್ಜೂರ, ನಿಂಬೆ, ಮಾವಿನಂಥ ದೀರ್ಘಕಾಲದ ಮರಗಳು. ಬಾಲದ ಕಡೆ ಗೋಧಿ, ಈರುಳ್ಳಿ, ಬೆಳ್ಳುಳ್ಳಿ, ತರಕಾರಿ ಮುಂತಾದ ಋತುವಿನ ಬೆಳೆ. ನೀರು ಇಳಿದ ವರ್ಷ ಬಾಲದ ಹೊಲಗಳನ್ನು ಬೀಳು ಬಿಡುತ್ತಾರೆ, ಮರಗಳಿಗೆ ನೀರು ತಪ್ಪಿಸುವುದಿಲ್ಲ. ನೀರು ಏರಿದ ವರ್ಷ ಮತ್ತೆ ಉಳುತ್ತಾರೆ. ಮೂರು ವರ್ಷ ಮಳೆ ಚೆನ್ನಾಗಿ ಬಂತೆಂದು ಇರುವ ಜಮೀನಿಗೆಲ್ಲ ಅಡಿಕೆ ಹಾಕಿ ನಾಲ್ಕನೆಯ ವರ್ಷ ಟ್ಯಾಂಕರಿನಲ್ಲಿ ನೀರು ಹೊಡೆಯುವ ನಮ್ಮ ಬಯಲುಸೀಮೆಯ ಗೆಳೆಯರು ಈ ಒಂದು ಏರ್ಪಾಡನ್ನು ನೋಡಲೆಂದಾದರೂ ಹೋಗಬೇಕು.

ತೋಟದೊಳಗೆ ಕಾಲುವೆಯ ಏರಿಯ ಮೇಲೆ ನಡೆದು ಹೋಗಲು ಸಾಮಾನ್ಯವಾಗಿ ಯಾರೂ ಬೇಡವೆನ್ನುವುದಿಲ್ಲ. ಕೇಳಿಕೊಂಡು ಹೋದರಾಯಿತು. ಮೇಲೆ ಖರ್ಜೂರದ ನೆರಳು, ಅದರಡಿ ನಿಂಬೆ, ಬಾಳೆ, ಎಲ್ಲಕ್ಕೂ ಕೆಳಗೆ ಕುದುರೆ ಮೆಂತ್ಯದ ಹಸಿರು ಮೇವು. ಮಲೆನಾಡಿನ ಅಡಿಕೆ, ಬಾಳೆ, ಏಲಕ್ಕಿ ತೋಟದ ಅಣ್ಣತಮ್ಮನಂತೆ ಕಾಣುತ್ತದೆ. ಚಳಿಗಾಲ ಕಳೆಯುವ ಹೊತ್ತಿಗೆ ಹೋದರೆ ಪರಾಗ ಕಟ್ಟುವ ಕೆಲಸವನ್ನೂ ನೋಡಬಹುದು. ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಒಂದು ಗಂಡು ಮರ ಹಲವು ಹತ್ತು ಹೆಣ್ಣು ಮರಗಳಿಗೆ ಸಾಕು. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಮರವೇರಿ, ಹೆಣ್ಣು ಹೊಂಬಾಳೆಯ ನಡುವೆ ಗಂಡು ಹೂವಿನ ಎಳೆಗಳನ್ನು ಸಿಕ್ಕಿಸಿ ಬರುತ್ತಾರೆ. ಮರವೇರುವವರು ಇಂದು ಹೆಚ್ಚಾಗಿ ಬಾಂಗ್ಲಾದೇಶದಿಂದ ಕೂಲಿಗೆ ಬಂದವರು. ಆಳಿನ ಸಮಸ್ಯೆ ನಮ್ಮೊಬ್ಬರದೇ ಅಲ್ಲ.

ಮದುವೆ ಮುಂಜಿಗೆ ನಾವು ತರುವ ಉತ್ತುತ್ತೆಯ ಒಂದು ಮೂಲವೂ ಈ ದೇಶವೇ. 'ಮಬ್ಸಲಿ' ಎಂಬ ತಳಿಯ ಹಣ್ಣನ್ನು ಪೂರ್ತಿ ಮಾಗುವ ಮುಂಚೆ ಕೊಯ್ದು ದೊಡ್ಡ ತಾಮ್ರದ ಕೊಪ್ಪರಿಗೆಯಲ್ಲಿ ಬೇಯಿಸಿ ಬಿಸಿಲಿಗೆ ಒಣಗಿಸುತ್ತಾರೆ. ಅದರ ದೊಡ್ಡ ಗಿರಾಕಿ ಭಾರತ. ಕೆಲಸ ನಡೆಯುವುದು ಕಡು ಬೇಸಿಗೆಯಲ್ಲಿ, ಬಿಸಿಲು 45 ಡಿಗ್ರಿ ಮುಟ್ಟುವಾಗ. ಅದನ್ನು ನೋಡಲೆಂದು ಆಗ ಹೋಗಿರಿ ಎಂದು ನಾನು ಹೇಳಲಾರೆ.

ಹಸಿರು ಬೆಟ್ಟ

ಬಿರ್ಕತ್ ಅಲ್ ಮೌಜ್‌ನಿಂದಲೇ ಜಬಲ್ ಅಖ್ದರ್ ಎಂಬ ಬೆಟ್ಟಕ್ಕೆ ದಾರಿ ಒಡೆಯುತ್ತದೆ. ಹೆಸರಿನ ಅರ್ಥ ಹಸಿರು ಬೆಟ್ಟ. ಇದಕ್ಕೆ ಬೇರೆ ದಿನ ಇಟ್ಟುಕೊಳ್ಳಿರಿ. ಬುಡದಲ್ಲಿ ಪೊಲೀಸ್ ಠಾಣೆ. ನಾಲ್ಕೂ ಚಕ್ರಕ್ಕೆ ಎಳೆತವಿರುವ ಗಾಡಿಯಲ್ಲದಿದ್ದರೆ ಮೇಲೆ ಬಿಡುವುದಿಲ್ಲ. ಇಳಿಯುವಾಗ ಬ್ರೇಕನ್ನೇ ನಂಬದೆ ಸಣ್ಣ ಗೇರಿನಲ್ಲಿ ಇಳಿಯಬೇಕು.

ಸುಮಾರು 2,000 ಮೀಟರು ಎತ್ತರದಲ್ಲಿ ಸೈಕ್ ಎಂಬ ಪ್ರಸ್ಥಭೂಮಿ. ಬೆಟ್ಟದ ಅಂಚಿಗೆ ಅಂಟಿಕೊಂಡ ಹಳ್ಳಿಗಳು, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಹೊಲಗಳು. ದಾಳಿಂಬೆ, ಅಕ್ರೋಟು, ಗುಲಾಬಿ. ಗುಲಾಬಿಯ ಕಾಲ ಮಾರ್ಚ್ ಕೊನೆಯಿಂದ ಮೇ ಮೊದಲವರೆಗೆ. ಮಣ್ಣಿನ ಒಲೆಯಲ್ಲಿ ಹೂಗಡಿಗೆ ಇಟ್ಟು, ಅದರೊಳಗೆ ಒಂದು ಬಟ್ಟಲು, ಬಾಯಿಗೆ ತಣ್ಣೀರು ತುಂಬಿದ ಪಾತ್ರೆ ಮುಚ್ಚುತ್ತಾರೆ. ಆವಿ ತಣ್ಣನೆಯ ತಳಕ್ಕೆ ತಾಗಿ ಹನಿಯಾಗಿ ಬಟ್ಟಲಿಗೆ ಬೀಳುತ್ತದೆ. ಅದೇ ಪನ್ನೀರು. ಹೀಗೆ ಮಾಡಿದ್ದಕ್ಕೆ ಸ್ವಲ್ಪ ಹೊಗೆಯ ವಾಸನೆ ಇರುತ್ತದೆ, ಅಲ್ಲಿನವರಿಗೆ ಅದೇ ಇಷ್ಟ. ದಾಳಿಂಬೆ ಸಿಗುವುದು ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ. ಬಾಗಲಕೋಟೆ, ಕೊಪ್ಪಳದ ಬೆಳೆಗಾರರು ಹೋದರೆ ಒಂದು ಹಣ್ಣು ತಿಂದು ನೋಡಿ ತಾವೇ ತೀರ್ಪು ಹೇಳಲಿ. ನೀರಿಲ್ಲದೆ ಬಿಟ್ಟುಬಿಟ್ಟ ಮೆಟ್ಟಿಲುಗಳನ್ನೂ ಕಾಣುವಿರಿ.

ಬಾತಿನಾ: ಉಪ್ಪು ಬಂದ ತೀರ

ಮೂರನೆಯ ದಿನ ಮಸ್ಕತ್ತಿನಿಂದ ವಾಯವ್ಯಕ್ಕೆ, ಬರ್ಕಾ ದಾಟಿ ಸೊಹಾರ್ ದಿಕ್ಕಿಗೆ ಹೋಗುವ ರಸ್ತೆ. ಬಲಗಡೆ ಸಮುದ್ರ, ಎಡಗಡೆ ದೂರದಲ್ಲಿ ಬೆಟ್ಟ, ನಡುವೆ ಬಾತಿನಾ ಬಯಲು. ಪ್ರವಾಸಿಗಳು ಇಲ್ಲಿ ನಿಲ್ಲುವುದು ಕಡಿಮೆ. ನೀವು ನಿಲ್ಲಿರಿ. ಏಕೆಂದರೆ ಒಮಾನಿನ ಅತಿ ಹೆಚ್ಚು ಬೇಸಾಯದ ಭೂಮಿ ಇಲ್ಲಿಯೇ ಇದೆ, ಅತಿ ಹೆಚ್ಚು ಹಾಳಾದದ್ದೂ ಇಲ್ಲಿಯೇ.

ಇಲ್ಲಿ ಫಲಜ್ ಕಡಿಮೆ, ಬಾವಿ ಹೆಚ್ಚು. ಬೆಟ್ಟದಲ್ಲಿ ಬಿದ್ದ ಮಳೆ ಜಲ್ಲಿಯ ಪದರದೊಳಗೆ ಇಳಿದು ಸಮುದ್ರದ ಕಡೆ ನಿಧಾನವಾಗಿ ಸರಿಯುತ್ತದೆ. ತೀರದ ಹತ್ತಿರ ಸ್ವಲ್ಪ ತೋಡಿದರೆ ಸಿಹಿನೀರು ಸಿಗುತ್ತಿತ್ತು. ಎತ್ತು ಇಳಿಜಾರಿನಲ್ಲಿ ಹಗ್ಗ ಎಳೆದುಕೊಂಡು ಹೋದರೆ ಚರ್ಮದ ಚೀಲದಲ್ಲಿ ನೀರು ಮೇಲೆ ಬರುತ್ತಿತ್ತು. ಅವರು 'ಜಾಜರಾ' ಎನ್ನುತ್ತಿದ್ದರು, ಮೈಸೂರು ಸೀಮೆಯವರು ಕಪಿಲೆ ಎನ್ನುತ್ತಿದ್ದೆವು. ಎತ್ತಿಗೆ ಸುಸ್ತಾದಾಗ ಬಾವಿಗೂ ಬಿಡುವು. ಡೀಸೆಲ್ ಪಂಪು ಬಂದ ಮೇಲೆ ಆ ಬಿಡುವು ಹೋಯಿತು. 1970ರ ನಂತರ ಪಂಪುಗಳು ಹೆಚ್ಚಿದವು, ತೋಟ ಹಿಗ್ಗಿತು, ನೀರಿನ ಮಟ್ಟ ಕುಸಿಯಿತು. ಸಿಹಿನೀರು ಹಿಂದೆ ಸರಿದ ಜಾಗಕ್ಕೆ ಸಮುದ್ರದ ನೀರು ನೆಲದೊಳಗಿನಿಂದಲೇ ನುಗ್ಗಿತು. ಬಾವಿಯಲ್ಲಿ ನೀರಿದೆ, ಆದರೆ ಉಪ್ಪು. ಮೊದಲು ಬಾಳೆ, ಮಾವು, ನಿಂಬೆ ಸೊರಗಿದವು. ಉಪ್ಪು ತಡೆಯುವ ಶಕ್ತಿಯಿರುವ ಖರ್ಜೂರ ಕೊನೆಗೆ ಮಣಿಯಿತು. ತೀರದ ಅಂಚಿನಲ್ಲಿ ಗರಿ ಒಣಗಿ ಕಂಬದಂತೆ ನಿಂತ ಮರಗಳನ್ನು ನೋಡುವಿರಿ. ಉಪ್ಪು ಏರಿದ ಭೂಮಿಯನ್ನು ತೊಳೆಯಲು ಬೇಕಾಗುವುದು ಸಿಹಿನೀರೇ, ಅದು ಇದ್ದಿದ್ದರೆ ಉಪ್ಪು ಬರುತ್ತಲೇ ಇರಲಿಲ್ಲ.

ನಿಂಬೆಗೆ ಇನ್ನೊಂದು ಗ್ರಹಚಾರವೂ ಕಾಡಿತು. ಒಣ ನಿಂಬೆ ಒಮಾನಿನ ಹಳೆಯ ರಫ್ತು. 1970ರ ದಶಕದಲ್ಲಿ ಕಾಣಿಸಿಕೊಂಡ ಒಂದು ರೋಗದಲ್ಲಿ ರೆಂಬೆಗಳೆಲ್ಲ ಸಣ್ಣ ಎಲೆಗಳ ಪೊರಕೆಯಂತೆ ಗುಂಪಾಗಿ, ಕೆಲವೇ ವರ್ಷಗಳಲ್ಲಿ ಗಿಡ ಸಾಯುತ್ತಿತ್ತು. ಲಕ್ಷಗಟ್ಟಲೆ ಗಿಡಗಳು ಹೋದವು. ರೋಗದ ಗಿಡದಿಂದ ತೆಗೆದ ಸಸಿಯೇ ಅದನ್ನು ತೋಟದಿಂದ ತೋಟಕ್ಕೆ ಹೊತ್ತೊಯ್ಯುತ್ತಿತ್ತು.

ಸರ್ಕಾರ ಕೈಕಟ್ಟಿ ಕುಳಿತಿಲ್ಲ. ನೀರು ರಾಷ್ಟ್ರದ ಸಂಪತ್ತೆಂದು 1988ರಲ್ಲಿ ಆಜ್ಞೆಯಾಯಿತು, ಹೊಸ ಬಾವಿಗೆ ಪರವಾನಗಿ ಬೇಕಾಯಿತು. ಹಳ್ಳಗಳಿಗೆ ಇಂಗು ಅಣೆಕಟ್ಟು ಕಟ್ಟಿದರು. ಮಸ್ಕತ್ತಿನ ಅಂಚಿನಲ್ಲೇ 1985ರಲ್ಲಿ ಕಟ್ಟಿದ ಅಲ್ ಖೂದ್ ಅಣೆಕಟ್ಟನ್ನು ಹಿಂದಿರುಗುವಾಗ ನೋಡಿರಿ. ಕಿಲೋಮೀಟರುಗಟ್ಟಲೆ ಉದ್ದದ ಕಟ್ಟೆ, ಹಿಂದೆ ಹನಿ ನೀರಿಲ್ಲ! ನಗಬೇಡಿರಿ. ಅದು ನೀರು ನಿಲ್ಲಿಸಲು ಕಟ್ಟಿದ್ದಲ್ಲ. ಪ್ರವಾಹ ಬಂದಾಗ ತಡೆದು, ಕೆಸರು ತಳಕ್ಕೆ ಕೂತ ಮೇಲೆ ತಿಳಿನೀರನ್ನು ಮೆಲ್ಲಗೆ ಕೆಳಗೆ ಬಿಟ್ಟು, ಮುಂದಿನ ಜಲ್ಲಿ ನೆಲದಲ್ಲಿ ಇಂಗುವಂತೆ ಮಾಡುತ್ತದೆ. ಕೆಸರು ನೀರನ್ನೇ ಬಿಟ್ಟರೆ ನೆಲದ ಕಣ್ಣು ಮುಚ್ಚಿಹೋಗುತ್ತದೆ. ಇಂಗು ಗುಂಡಿ ತೋಡಿ ಹೂಳು ತೆಗೆಯದೆ ಬಿಟ್ಟವರಿಗೆ ಈ ಮಾತು ಕೂಡಲೇ ಅರ್ಥವಾದೀತು. ಮಸ್ಕತ್ತಿನ ಮನೆಗಳಿಗೆ ಕುಡಿಯುವ ನೀರು ಬರುವುದು ಬಹುಪಾಲು ಸಮುದ್ರದ ನೀರನ್ನು ಸಿಹಿ ಮಾಡಿ. ಆ ನೀರಿನಲ್ಲಿ ಬೇಸಾಯ ಮಾಡಿದರೆ ಖರ್ಚು ಹುಟ್ಟುವುದಿಲ್ಲ.

ಸೂರ್ ಬಂದರಿನ ಮರ

ಆಗ್ನೇಯಕ್ಕೆ ಸಮುದ್ರ ತೀರದ ಹೆದ್ದಾರಿಯಲ್ಲಿ ಸುಮಾರು 200 ಕಿ.ಮೀ. ಹೋದರೆ ಸೂರ್. ದಾರಿಯಲ್ಲಿ ಬಿಮ್ಮಾ ಎಂಬಲ್ಲಿ ನೆಲ ಕುಸಿದು ಆದ ಹಸಿರು ನೀರಿನ ಗುಂಡಿ, ಮುಂದೆ ಶಾಬ್ ಕಣಿವೆ. ಮಕ್ಕಳು ಈಜಲಿ. ಸೂರ್‌ನಲ್ಲಿ ಹಳೆಯ ಬಗೆಯ ಮರದ ಹಡಗು ಕಟ್ಟುವ ಅಂಗಳವಿದೆ. ಮರವಿಲ್ಲದ ನಾಡಿಗೆ ಹಡಗಿನ ಮರ ಬಂದದ್ದು ನಮ್ಮ ಪಶ್ಚಿಮ ಕರಾವಳಿಯಿಂದ. 1980ರಲ್ಲಿ ಇಲ್ಲಿ ಕಟ್ಟಿದ 'ಸೊಹಾರ್' ಎಂಬ ಹಡಗಿಗೆ ಮಲಬಾರಿನ ಹೆಬ್ಬಲಸಿನ ಹಲಗೆ ತಂದು, ಒಂದೂ ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದರು. ಅದು ಚೀನಾದವರೆಗೆ ಹೋಗಿ ಮುಟ್ಟಿತು. ಈಗ ಮಸ್ಕತ್ತಿನ ಒಂದು ರಸ್ತೆಯ ವೃತ್ತದಲ್ಲಿ ನಿಂತಿದೆ.

ನಂಟು ಮರದ್ದಷ್ಟೇ ಅಲ್ಲ. ಮಂಗಳೂರಿನ ಅಕ್ಕಿ ಶತಮಾನಗಳ ಕಾಲ ಮಸ್ಕತ್ತಿನ ಅನ್ನವಾಗಿತ್ತು. ಟಿಪ್ಪು ಸುಲ್ತಾನನ ವ್ಯಾಪಾರದ ಕೋಠಿ ಮಸ್ಕತ್ತಿನಲ್ಲಿತ್ತು. ರೇಷ್ಮೆ ಹುಳುವನ್ನೂ ಅದನ್ನು ಸಾಕಬಲ್ಲವರನ್ನೂ ಕಳುಹಿಸುವಂತೆ ಆತ ಅಲ್ಲಿನ ತನ್ನ ಅಧಿಕಾರಿಗೆ ಬರೆಸಿದ್ದ.

ಸಲಾಲಾಕ್ಕೆ ಮಸ್ಕತ್ತಿನಿಂದ ಸಾವಿರ ಕಿಲೋಮೀಟರು. ಒಂದು ದಿನದ ಮಾತಲ್ಲ, ವಿಮಾನದಲ್ಲಿ ಹೋಗಿ ಅಲ್ಲಿ ಕಾರು ಹಿಡಿಯಿರಿ. ನಮ್ಮ ಮುಂಗಾರಿನದೇ ಒಂದು ಸೆರಗು ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿನ ಬೆಟ್ಟಕ್ಕೆ ತಾಗುತ್ತದೆ. ದೊಡ್ಡ ಮಳೆಯಲ್ಲ, ಮಂಜು ಮತ್ತು ತುಂತುರು. ಎಲೆಗಳು ಮಂಜನ್ನು ಹಿಡಿದು ಹನಿಯಾಗಿಸಿ ಬುಡಕ್ಕೆ ಬೀಳಿಸುತ್ತವೆ. ಮರ ಕಡಿದರೆ ಆ ನೀರೂ ಇಲ್ಲ. ಬಯಲಿನಲ್ಲಿ ತೆಂಗು, ಬಾಳೆ, ಪರಂಗಿ. ರಸ್ತೆ ಬದಿಯಲ್ಲಿ ಎಳನೀರು ಕೆತ್ತುವುದನ್ನು ಕಂಡರೆ ಕುಂದಾಪುರವೇ ನೆನಪಾದೀತು. ಬೆಟ್ಟ ದಾಟಿ ಉತ್ತರಕ್ಕೆ ಸುಮಾರು 40 ಕಿ.ಮೀ. ಹೋದರೆ ಮಂಜು ತಲುಪದ ಒಣ ನೆಲದಲ್ಲಿ ಲೋಬಾನದ ಮರಗಳ ತೋಪು, ವಾದಿ ದವ್ಕಾ. ನಾವು ಹಾಕುವ ಲೋಬಾನದ ಹೆಸರಿನ ಮೂಲ ಅರಬ್ಬಿಯ 'ಲುಬಾನ್'. ತೊಗಟೆಯನ್ನು ಸ್ವಲ್ಪವೇ ಕೆತ್ತಿ ಬಿಟ್ಟರೆ ಹಾಲಿನಂಥ ಅಂಟು ಒಸರಿ ಗಟ್ಟಿಯಾಗುತ್ತದೆ. ಮೊದಲ ಕೊಯ್ಲು ಕೀಳು, ಆಮೇಲಿನದು ಮೇಲು. ಹೆಚ್ಚು ಕೆತ್ತಿದರೆ ಮರ ಸಾಯುತ್ತದೆ.

ಹೊರಡುವ ಮುನ್ನ

ನವೆಂಬರ್‌ನಿಂದ ಮಾರ್ಚ್‌ವರೆಗೆ ಹೋಗುವುದು ಮೇಲು. ಕಾರಿನಲ್ಲಿ ನೀರು, ಸ್ಟೆಪ್ನಿ ನೋಡಿಕೊಳ್ಳಿರಿ. ರಂಜಾನ್ ತಿಂಗಳಲ್ಲಿ ಹಗಲು ಹೊತ್ತು ಎದುರಿಗೆ ತಿನ್ನಬಾರದು. ಕತ್ತಲಾದ ಮೇಲೆ ಒಳನಾಡಿನ ರಸ್ತೆಗೆ ಒಂಟೆ ಬಂದು ನಿಲ್ಲುತ್ತದೆ, ವೇಗ ಕಡಿಮೆ ಮಾಡಲು ಓಡಿಸುವವರಿಗೆ ಹೇಳಿರಿ.

ಎಲ್ಲಕ್ಕಿಂತ ದೊಡ್ಡ ಅಪಾಯ ನೀರಿನದೇ. 'ವಾದಿ' ಎಂದರೆ ಒಣ ಹಳ್ಳ. ರಸ್ತೆಗಳು ಎಷ್ಟೋ ಕಡೆ ಅದರ ಪಾತ್ರದಲ್ಲೇ ಇಳಿದು ಹತ್ತುತ್ತವೆ. ನೀವಿರುವಲ್ಲಿ ಬಿಸಿಲಿದ್ದರೂ ದೂರದ ಬೆಟ್ಟದಲ್ಲಿ ಮಳೆಯಾದರೆ ಗಳಿಗೆಯೊಳಗೆ ನೀರು ಬರುತ್ತದೆ. ಕಲ್ಲು ಬೆಟ್ಟ ನೀರು ಕುಡಿಯುವುದಿಲ್ಲ. ಏಪ್ರಿಲ್ 2024ರಲ್ಲಿ ಶಾಲೆಯ ಮಕ್ಕಳಿದ್ದ ವಾಹನ ಇಂಥ ನೀರಿಗೆ ಸಿಕ್ಕಿ ಹಲವು ಮಕ್ಕಳು ತೀರಿಕೊಂಡರು. ಹರಿಯುವ ವಾದಿಗೆ ಗಾಡಿ ಇಳಿಸುವುದು ಅಲ್ಲಿ ಶಿಕ್ಷೆಯಾಗುವ ಅಪರಾಧ. ಎಷ್ಟೇ ಆತುರವಿರಲಿ, ನೀರು ಇಳಿಯುವವರೆಗೆ ದಡದಲ್ಲಿ ಕಾಯಿರಿ.

ಮರಳುವಾಗ ಒಳ್ಳೆಯ ಖರ್ಜೂರ ತನ್ನಿರಿ, ಲೋಬಾನ ತನ್ನಿರಿ. ಗಿಡ, ಕಂದು, ಮಣ್ಣು ಮಾತ್ರ ಪೆಟ್ಟಿಗೆಯಲ್ಲಿ ಬಚ್ಚಿಟ್ಟು ತರಬೇಡಿರಿ. ಆಮದು ಪರವಾನಗಿ, ಸಸ್ಯ ಆರೋಗ್ಯ ಪತ್ರ ಇಲ್ಲದೆ ಅದು ಕಾನೂನಿಗೆ ವಿರೋಧ. ಒಮಾನಿನ ಖರ್ಜೂರದ ತೋಟಗಳಲ್ಲಿ ಬಕೆಟಿನಂಥ ಮೋಹಕ ಬಲೆಗಳು ಇಟ್ಟಿರುವುದು ಕಾಣಿಸಿದರೆ ಬಗ್ಗಿ ನೋಡಿರಿ. ಒಳಗೆ ಬಿದ್ದಿರುವುದು ನಿಮಗೆ ಚೆನ್ನಾಗಿ ಗೊತ್ತಿರುವ ಕೆಂಪು ಮೂತಿ ಹುಳು. ನಮ್ಮ ತೆಂಗಿನ ಸುಳಿ ಕೊರೆಯುವ ಅದೇ ಹುಳು 1980ರ ದಶಕದ ನಡುವೆ ಕೊಲ್ಲಿಯ ನಾಡುಗಳಿಗೆ ಕಾಲಿಟ್ಟು, 1990ರ ದಶಕದಲ್ಲಿ ಒಮಾನಿಗೂ ಬಂತು. ಅದು ಊರಿಂದೂರಿಗೆ ಹಬ್ಬಿದ್ದು ಮುಖ್ಯವಾಗಿ ಸಾಗಿಸಿದ ಗಿಡ ಮತ್ತು ಕಂದುಗಳ ಒಳಗೆ ಕುಳಿತು.